ರಾಗಿಕಾಳಿನಷ್ಟು ಹುಳ, ಸುಣ್ಣ ಬಳಿದ ತೊಟ್ಟಿ

ಲೋಕಕ್ಕೆ ಗೊತ್ತಿಲ್ಲದ ಜೀವಿಯನ್ನು ಪತ್ತೆ ಮಾಡುವವರ ಬಗ್ಗೆ ಜನರಿಗೆ ಒಂದು ಕಲ್ಪನೆ ಇರುತ್ತದೆ. ದಟ್ಟ ಕಾಡು, ತಲೆಗೆ ಟೋಪಿ, ಕೊರಳಲ್ಲಿ ದುರ್ಬೀನು, ಹಿಂದೆ ಸಾಮಾನು ಹೊರುವ ಇಬ್ಬರು. ನನಗೆ ಅಂಥ ಜೀವಿ ಸಿಕ್ಕಿದ್ದು ಗುಬ್ಬಿ ತಾಲ್ಲೂಕಿನ ಚೇಳೂರಿನ ಹತ್ತಿರ, ನಮ್ಮ ದೊಡ್ಡಪ್ಪನ ತೆಂಗಿನ ತೋಟದಲ್ಲಿ, ಹೋಳಿಗೆ ತಿಂದು ಕೈ ತೊಳೆಯುವಾಗ. ಬೋರ್‌ವೆಲ್ ನೀರು ಬಂದು ಬೀಳುವ ಒಂದು ಕಲ್ಲಿನ ತೊಟ್ಟಿ ಅಲ್ಲಿದೆ. ಅದರ ಗೋಡೆಗೆ ಬೆರಳು ದಪ್ಪ ಪಾಚಿ ಕಟ್ಟಿತ್ತು. ಪಾಚಿಯ ಮೇಲೆ ಒಂದು ರಾಗಿಕಾಳು ನಡೆದು ಹೋಗುತ್ತಿತ್ತು. ರಾಗಿ ನಡೆಯುವುದಿಲ್ಲ ಎಂಬಷ್ಟು ಪ್ರಾಣಿಶಾಸ್ತ್ರ ನನಗೆ ಗೊತ್ತು; ತುಮಕೂರಿನ ಕಾಲೇಜೊಂದರಲ್ಲಿ ಅದನ್ನೇ ಪಾಠ ಹೇಳಿ ಹೊಟ್ಟೆ ಹೊರೆಯುತ್ತೇನೆ.

ನಾನು ಲೆಕ್ಕ ಇಡುವ ಮನುಷ್ಯ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿನಚರಿ ಬರೆಯುತ್ತೇನೆ, ಅದು ಸಾಲದೆಂದು ಟೂತ್‌ಪೇಸ್ಟಿನ ಟ್ಯೂಬಿನ ಮೇಲೂ ಅದನ್ನು ತೆರೆದ ತಾರೀಖು ಬರೆಯುತ್ತೇನೆ. ಇವನು ಮದುವೆಯಾದರೆ ಹೆಂಡತಿಗೂ ಒಂದು ಚೀಟಿ ಅಂಟಿಸುತ್ತಾನೆ ಎಂದು ನಮ್ಮಮ್ಮ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಇಂಥವನ ಕೈಗೆ ಹುಳ ಸಿಕ್ಕರೆ ಕೇಳಬೇಕೆ? ಟೀ ಸೋಸುವ ಜರಡಿಯಲ್ಲಿ ಒಂಬತ್ತು ಹಿಡಿದೆ, ಒಂದೊಂದನ್ನೂ ಮದ್ಯಸಾರದ ಶೀಶೆಗೆ ಹಾಕಿದೆ, ಶೀಶೆಗೆ ಚೀಟಿ ಅಂಟಿಸಿದೆ, ಎಲ್ಲವನ್ನೂ ಒಯ್ದು ಕುಣಿಗಲ್‌ನಲ್ಲಿರುವ ನನ್ನ ಮೇಷ್ಟ್ರ ಮುಂದೆ ಇಟ್ಟೆ. ಅವರು ನೀರಿನ ಜೀರುಂಡೆಗಳ ಹಿಂದೆ ಮೂವತ್ತು ವರ್ಷ ತಿರುಗಿದವರು. ತಮ್ಮೂರಿನ ಕೆರೆಯಲ್ಲಿ ಇಲ್ಲದ ಹುಳ ಬೇರೆ ಕಡೆ ಇರುವುದೇ ಅವರಿಗೆ ಒಂದು ಸಣ್ಣ ಅವಮಾನ. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಅವರು ಎರಡು ಮಾತು ಹೇಳಿದರು. ಒಂದು, ಇದು ಹೊಸ ಪ್ರಭೇದ ಇದ್ದ ಹಾಗಿದೆ. ಎರಡು, ಒಂಬತ್ತೂ ಹೆಣ್ಣು.

ಎರಡನೆಯ ಮಾತು ಮೊದಲನೆಯದನ್ನು ನುಂಗಿ ಹಾಕಿತು. ಈ ಜೀರುಂಡೆಗಳ ಸಂಸಾರದಲ್ಲಿ ಹೆಣ್ಣುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರೆ ಎನ್ನಲು ಇರುವ ಒಂದೇ ಭದ್ರ ಸಾಕ್ಷಿ ಗಂಡಿನ ಹೊಟ್ಟೆಯೊಳಗಿನ ಒಂದು ಕೊಕ್ಕೆ. ಕೊಕ್ಕೆ ಎಂಬುದು ದೊಡ್ಡವರ ಮುಂದೆ ಹೇಳಲು ನಾನು ಹುಡುಕಿಕೊಂಡ ಮರ್ಯಾದೆಯ ಪದ. ಉಳಿದದ್ದನ್ನು ಓದುಗರು ಊಹಿಸಿಕೊಳ್ಳಬೇಕು. ಒಂದೇ ಒಂದು ಗಂಡು ಸಿಕ್ಕರೆ ನನ್ನ ಮೊದಲ ಸಂಶೋಧನಾ ಲೇಖನ ಅಚ್ಚಾಗುತ್ತದೆ, ಸಿಗದಿದ್ದರೆ ನನ್ನ ಬಳಿ ಇರುವುದು ಚೀಟಿ ಅಂಟಿಸಿದ ಒಂಬತ್ತು ರಾಗಿಕಾಳು.

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವರು ಎಲೆ ಅಡಿಕೆ ಮೆಲ್ಲುತ್ತಾ ಸಾವಧಾನವಾಗಿ ಕೇಳಿದರು.

"ಗಂಡೋ ಹೆಣ್ಣೋ ಅಂತ ನೋಡೋದು ಅಪರಾಧ ಅಲ್ವೇನ್ಲಾ ಮಗ? ಗುಬ್ಬಿ ಆಸ್ಪತ್ರೇಲಿ ಬೋರ್ಡ್ ಹಾಕವ್ರೆ."

ಹುಳಕ್ಕೆ ಆ ಕಾಯಿದೆ ಇಲ್ಲ ಎಂದೆ. ಹಾಗಾದರೆ ಎಷ್ಟು ಬೇಕಾದರೂ ನೋಡಿಕೋ ಎಂದು ಅಪ್ಪಣೆ ಸಿಕ್ಕಿತು.

ಅದರ ಮುಂದಿನ ಭಾನುವಾರ ಮೇಷ್ಟ್ರು ತಾವೇ ಬಂದು ತೊಟ್ಟಿ ನೋಡುತ್ತೇನೆ ಎಂದರು. ನಾನು ಗುರುವಾರ ದೊಡ್ಡಪ್ಪನಿಗೆ ಫೋನ್ ಮಾಡಿ, ನಮ್ಮ ಸಾರ್ ಬರುತ್ತಾರೆ, ತೊಟ್ಟಿ ನೋಡುವುದಕ್ಕೆಂದೇ ಬರುತ್ತಾರೆ ಎಂದು ಹೇಳಿದೆ. ಈ ವಾಕ್ಯದಲ್ಲಿ ಏನು ತಪ್ಪಿದೆ ಎಂದು ಈಗಲೂ ಹುಡುಕುತ್ತಿದ್ದೇನೆ. ನಮ್ಮ ಕಡೆ ಮನೆಗೆ ದೊಡ್ಡವರು ಬರುತ್ತಾರೆಂದರೆ ಅವರ ಕಣ್ಣು ಬೀಳುವ ಜಾಗವನ್ನೆಲ್ಲ ತೊಳೆಯುತ್ತಾರೆ. ಅಡಿಗೆಮನೆ ನೋಡದವರು ಬಂದರೆ ಅಡಿಗೆಮನೆ ಹಾಗೇ ಇರುತ್ತದೆ. ಬರುವವರು ತೊಟ್ಟಿಯನ್ನೇ ನೋಡುವವರು ಎಂದು ನಾನು ಮೂರು ದಿನ ಮುಂಚಿತವಾಗಿ, ಸ್ಪಷ್ಟವಾಗಿ, ಎರಡು ಸಲ ತಿಳಿಸಿದ್ದೆ.

ಭಾನುವಾರ ನಾವು ಹೋಗಿ ಇಳಿದಾಗ ತೆಂಗಿನ ಮರಗಳ ನಡುವೆ ಏನೋ ಬೆಳ್ಳಗೆ ಹೊಳೆಯುತ್ತಿತ್ತು. ತೊಟ್ಟಿಯ ನೀರನ್ನೆಲ್ಲ ಖಾಲಿ ಮಾಡಿ, ಚಿಪ್ಪಿನಿಂದ ಪಾಚಿ ಕೆರೆದು, ತೆಂಗಿನ ನಾರಿನಿಂದ ಉಜ್ಜಿ, ಒಳಗೂ ಹೊರಗೂ ಸುಣ್ಣ ಬಳಿದಿದ್ದರು. ಅಂಚಿಗೆ ಕೆಮ್ಮಣ್ಣಿನ ಪಟ್ಟೆ, ಮುಂದೆ ದೊಡ್ಡಮ್ಮನ ರಂಗೋಲಿ. ಹೊಸ ಪಂಚೆ ಉಟ್ಟ ದೊಡ್ಡಪ್ಪ ಪಕ್ಕದಲ್ಲಿ ಕೈಮುಗಿದು ನಿಂತಿದ್ದರು. ಪಾಚಿಯನ್ನೆಲ್ಲ ಎರಡು ದಿನದ ಹಿಂದೆಯೇ ತೆಂಗಿನ ಬುಡಕ್ಕೆ ಹಾಕಿದ್ದಾಗಿತ್ತು. ಬಿಸಿಲಿಗೆ ಅದು ಒಣಗಿ ಹಪ್ಪಳದಂತೆ ಮುರಿಯುತ್ತಿತ್ತು. ನಾನು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡೆ.

"ಇನ್ನೊಂದ್ ಕೋಟ್ ಹೊಡೀಬೇಕಿತ್ತು ಸಾ, ಟೈಮ್ ಸಾಲ್ಲಿಲ್ಲ," ಎಂದರು ದೊಡ್ಡಪ್ಪ.

ಮೇಷ್ಟ್ರು ದೊಡ್ಡ ಮನುಷ್ಯ. ತೊಟ್ಟಿಯನ್ನು ಒಂದು ಸುತ್ತು ಬಂದು, ಇಷ್ಟು ಶುಭ್ರವಾದ ತೊಟ್ಟಿಯನ್ನು ತಮ್ಮ ಜೀವಮಾನದಲ್ಲಿ ನೋಡಿಲ್ಲ ಎಂದರು. ಅದು ನಿಜವೂ ಹೌದು. ನೋಡಿದ್ದರೆ ಅವರು ಜೀರುಂಡೆ ಬಿಟ್ಟು ಬೇರೇನಾದರೂ ಓದುತ್ತಿದ್ದರು. ಆಮೇಲೆ ಎರಡು ಮುದ್ದೆ ಉಂಡು, ಎಳನೀರು ಕುಡಿದು, ಕಾರು ಹತ್ತುವಾಗ ನನ್ನ ಕಿವಿಯಲ್ಲಿ, ಪಾಚಿ ಬೆಳೆಸಪ್ಪ ಎಂದರು.

ಪಾಚಿ ಬೆಳೆಸುವುದು ಬಹಳ ಅವಮಾನದ ಕೃಷಿ. ನನ್ನ ದಿನಚರಿಯಲ್ಲಿ ಭಾನುವಾರಗಳೆಲ್ಲ ಚೇಳೂರು ಬಸ್ಸಿಗೆ ಹೋದವು. ಸುಣ್ಣ ಕೆರೆದವನು ನಾನು, ಪಕ್ಕದ ತೋಟದ ಬಚ್ಚಲು ಕಾಲುವೆಯಿಂದ ಪಾಚಿ ತಂದು ಅಂಟಿಸಿದವನು ನಾನು, ತೊಟ್ಟಿಗೆ ಯಾರೂ ಕೈ ಹಚ್ಚಬಾರದೆಂದು ಬೇಡಿಕೊಂಡವನೂ ನಾನೇ. ದಾರಿಯಲ್ಲಿ ಹೋಗುವವರು ತೊಟ್ಟಿ ನೋಡಿ, ಯಾಕಣ್ಣ ಮೈ ಹುಷಾರಿಲ್ವಾ ಎಂದು ದೊಡ್ಡಪ್ಪನನ್ನು ವಿಚಾರಿಸಿಕೊಳ್ಳತೊಡಗಿದರು. ದೊಡ್ಡಮ್ಮ ಆ ಕಡೆ ಮುಖ ತಿರುಗಿಸದೆ ನೀರು ತರುವುದನ್ನು ಅಭ್ಯಾಸ ಮಾಡಿಕೊಂಡರು. ಐದನೆಯ ತಿಂಗಳಲ್ಲಿ, ಹೊಸ ಪಾಚಿಯ ಮೇಲೆ ಮತ್ತೆ ರಾಗಿಕಾಳುಗಳು ನಡೆದಾಡಿದವು. ಹಿಡಿದದ್ದು ಹನ್ನೊಂದು. ಅದರಲ್ಲಿ ಒಂದು, ಒಂದೇ ಒಂದು, ಕೊಕ್ಕೆ ಇದ್ದದ್ದು. ಮೇಷ್ಟ್ರು ಅದನ್ನು ನೋಡಿ, ಇಂಥದ್ದು ಕುಣಿಗಲ್ ಕೆರೆಯಲ್ಲೂ ಇಲ್ಲ ಎಂದು ಒಪ್ಪಿಕೊಂಡರು.

ಲೇಖನ ಬರೆದೆವು. ಪ್ರಕಟಣೆಗೆ ಕಳಿಸುವ ಮುನ್ನ ಅದನ್ನು ದೊಡ್ಡಪ್ಪನ ಮನೆಯಲ್ಲಿ ಕನ್ನಡದಲ್ಲಿ ಓದಿ ಹೇಳುವುದು ನನ್ನ ಧರ್ಮ ಎನಿಸಿತು. ಊಟಕ್ಕೆ ಕೂತಲ್ಲೇ ಓದಿದೆ. ಹುಳದ ಉದ್ದ, ಮೀಸೆಯ ಗಿಣ್ಣುಗಳು, ಬೆನ್ನ ಮೇಲಿನ ಚುಕ್ಕೆ, ಎಲ್ಲಕ್ಕೂ ಅವರು ತಲೆದೂಗಿದರು. ಆಮೇಲೆ ಹುಳ ಇರುವ ಜಾಗದ ವರ್ಣನೆ ಬಂತು: "ಬಹುಕಾಲದಿಂದ ಶುಚಿಗೊಳಿಸದ, ಪಾಚಿ ಕಟ್ಟಿದ ಕಲ್ಲಿನ ತೊಟ್ಟಿ."

ಎರಡನೆಯ ಮುದ್ದೆ ಬಡಿಸಲು ಬಂದಿದ್ದ ದೊಡ್ಡಮ್ಮ ಮುದ್ದೆಯ ಸಮೇತ ಒಳಗೆ ಹೋದರು.

"ತೊಳೀಬ್ಯಾಡಿ ಅಂತ ಕಾಲಿಗ್ ಬಿದ್ದೋನು ನೀನು," ಎಂದರು ದೊಡ್ಡಪ್ಪ. "ಈಗ ನಾವ್ ಗಲೀಜ್ ಜನ ಅಂತ ದೇಶಕ್ಕೆಲ್ಲ ಬರ್ದಿದೀಯ."

"ಸುಣ್ಣ ಬಳ್ದಿದ್ದು ಯಾಕ್ ಬರೀಲಿಲ್ವಂತೆ, ಕೇಳಿ ಅವ್ನ," ಎಂದು ಒಳಗಿನಿಂದ ಬಂತು.

ಮಿಲಿಮೀಟರಿನ ನೂರರಲ್ಲಿ ಒಂದು ಪಾಲನ್ನೂ ಯಾರಿಗೂ ಬಿಟ್ಟುಕೊಡದ ನಾನು, ಕೈ ತೊಳೆಯುವ ಮೊದಲೇ ಒಂದು ವಾಕ್ಯ ಸೇರಿಸಿದೆ: ಸದರಿ ತೊಟ್ಟಿಯನ್ನು ಮಾಲೀಕರು ಈ ಸಂಗ್ರಹಕ್ಕೆ ಐದು ತಿಂಗಳ ಮುಂಚೆ ಸಂಪೂರ್ಣವಾಗಿ ತೊಳೆದು, ಒಳಗೂ ಹೊರಗೂ ಸುಣ್ಣ ಬಳಿದಿದ್ದರು. ಬಹುಕಾಲದಿಂದ ಶುಚಿಗೊಳಿಸದ ಎಂಬುದನ್ನು ಹೊಡೆದುಹಾಕಿದೆ. ರಂಗೋಲಿಯ ವಿಷಯ ಬಿಟ್ಟದ್ದಕ್ಕೆ ಸ್ವಲ್ಪ ಗೊಣಗಾಟವಾಯಿತು, ಆದರೆ ಮುದ್ದೆ ಬಂತು.

ಪತ್ರಿಕೆಯವರು ನೇಮಿಸಿದ ಅನಾಮಧೇಯ ಪರಿಶೀಲಕರು ಲೇಖನವನ್ನು ಮೆಚ್ಚಿಕೊಂಡು ಒಂದೇ ಒಂದು ಆಕ್ಷೇಪ ಎತ್ತಿದರು. ಸುಣ್ಣದ ವಾಕ್ಯಕ್ಕೂ ಈ ಪ್ರಭೇದಕ್ಕೂ ಏನು ಸಂಬಂಧ, ಇದನ್ನು ತೆಗೆಯಬಹುದಲ್ಲ ಎಂದು ಕೇಳಿದ್ದರು. ಅರ್ಧ ದಿನ ಕೂತು ವೈಜ್ಞಾನಿಕ ಕಾರಣ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಇದ್ದದ್ದನ್ನೇ ಬರೆದೆ: ಲೇಖಕನಿಗೆ ಆ ಸ್ಥಳಕ್ಕೆ ಇನ್ನು ಮುಂದೆ ಪ್ರವೇಶ ಸಿಗುವುದು ಈ ವಾಕ್ಯದ ಮೇಲೆ ನಿಂತಿದೆ. ಮರುವಾರವೇ ಒಪ್ಪಿಗೆ ಬಂತು. ಎಲ್ಲಿಯವರೋ, ಯಾರೋ, ಅವರಿಗೂ ಒಬ್ಬರು ದೊಡ್ಡಮ್ಮ ಇದ್ದಿರಬೇಕು.