ಸಹಿ ಹಾಕದ ಸಾಮಾನ್ಯ ನಾಗರಿಕ

ನನ್ನ ಸೋದರಮಾವನಷ್ಟು ಧೈರ್ಯವಾಗಿ ಹೆದರುವವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲ್ಲೂಕು ಸೇರಿಸಿ ಹುಡುಕಿದರೂ ಇನ್ನೊಬ್ಬರು ಸಿಗಲಿಕ್ಕಿಲ್ಲ. ಗ್ಯಾಸ್ ಸಿಲಿಂಡರಿಗೆ ಹೆದರುತ್ತಿದ್ದರು. ಅತ್ತೆ ರೆಗ್ಯುಲೇಟರ್ ತಿರುಗಿಸುವಾಗ ತಾವು ಅಂಗಳದಲ್ಲಿ ನಿಂತು ಸಲಹೆ ಕೊಡುತ್ತಿದ್ದರು. ಎಟಿಎಂಗೆ ಹೆದರುತ್ತಿದ್ದರು, ಒಳಗೆ ಹೋದ ಕಾರ್ಡು ಹೊರಗೆ ಬರುವ ತನಕ ಉಸಿರು ಬಿಡುತ್ತಿರಲಿಲ್ಲ. ಆದರೆ ಈ ದೇಶದ ಬಗ್ಗೆ ಅಭಿಪ್ರಾಯ ಹೇಳಲು ಹೆದರಿದ್ದನ್ನು ಮಾತ್ರ ನಾನು ಕಾಣೆ. ಹೇಳಿದ ಮೇಲೆ ಹೆದರುತ್ತಿದ್ದರು, ಅದು ಬೇರೆ ವಿಷಯ!

ಅಭಿಪ್ರಾಯಗಳೇನು ಒಂದೇ ಎರಡೇ? ಮೊಬೈಲ್ ಬಂದ ಮೇಲೆ ಜನ ಸುಳ್ಳು ಕಲಿತರು, ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ 'ಶೃಂಗೇರಿಯಲ್ಲಿದ್ದೇನೆ' ಎನ್ನುತ್ತಾರೆ ಎಂಬುದು ಒಂದು. ಮದುವೆಮನೆಯಲ್ಲಿ ಎಲೆ ಹಾಕುವುದು ಬಿಟ್ಟು ತಟ್ಟೆ ಹಿಡಿಸಿ ಸಾಲಿನಲ್ಲಿ ನಿಲ್ಲಿಸುವುದು ನೆಂಟರಿಗೆ ಮಾಡುವ ಅವಮಾನ ಎಂಬುದು ಇನ್ನೊಂದು. ಇವೆಲ್ಲ ಪತ್ರಿಕೆಯ ಓದುಗರ ಅಂಕಣಕ್ಕೆ ಪತ್ರಗಳಾಗಿ ಹೋಗುತ್ತಿದ್ದವು. ಕೆಳಗೆ ಹೆಸರಿಲ್ಲ. 'ಒಬ್ಬ ಸಾಮಾನ್ಯ ನಾಗರಿಕ' ಎಂದಷ್ಟೇ.

ಹೆಸರು ಬಿಟ್ಟರೆ ಸಾಲದು, ಅಕ್ಷರವೂ ಗುರುತಾಗಬಾರದಲ್ಲ? ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ಗುಮಾಸ್ತರಾಗಿ ಊರಿನ ದನಗಳಿಗೆಲ್ಲ ಚೀಟಿ ಬರೆದ ಕೈ ಅದು. ಆ ಕೋಳಿಕಾಲಿನ ಬರವಣಿಗೆ ಎಲ್ಲರಿಗೂ ಗೊತ್ತು. ಹಾಗಾಗಿ ಅವರು ಹೇಳುವುದು, ನಾನು ಬರೆಯುವುದು ಎಂದಾಯಿತು. ನಾನಾಗ ಬಾಳಗಡಿಯಲ್ಲಿ ಕಾಲೇಜಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದೆ. ನನ್ನ ಅಕ್ಷರ ಯಾರಿಗೂ ಗೊತ್ತಿಲ್ಲವೆಂದು ಮಾವನ ನಂಬಿಕೆ. ಅಂಗಡಿಯ ಎದುರಿಗೇ 'ಕರೆಂಟ್ ಇದ್ದರೆ ಝೆರಾಕ್ಸ್ ಇದೆ' ಎಂದು ನಾನೇ ದಪ್ಪಗೆ ಬರೆದು ತೂಗುಹಾಕಿದ್ದ ಬೋರ್ಡು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಇನ್ನು ಅಂಚೆಯ ಮುದ್ರೆ. ಕೊಪ್ಪದ ಮುದ್ರೆ ಬಿದ್ದರೆ ಊರು ಗೊತ್ತಾಗುತ್ತದೆಂದು ಕವರನ್ನು ಎನ್.ಆರ್. ಪುರದ ಬಸ್ಸಿನ ಡ್ರೈವರನ ಕೈಯಲ್ಲಿ ಕೊಟ್ಟು, ಅಲ್ಲಿ ಡಬ್ಬಿಗೆ ಹಾಕಿಸುತ್ತಿದ್ದರು. ನಮ್ಮ ಕಡೆ ಔಷಧಿ, ಮದುವೆ ಕಾಗದ, ಹಲಸಿನಹಣ್ಣು ಎಲ್ಲವೂ ಬಸ್ಸಿನ ಬಾನೆಟ್ಟಿನ ಮೇಲೆ ಕುಳಿತೇ ಊರು ಸೇರುವುದು. ಗುಟ್ಟೂ ಹಾಗೇ ಹೋಗಲಿ ಎಂದುಕೊಂಡರೋ ಏನೋ. ಒಂದು ದಿನ ಡ್ರೈವರು ಕವರು ಇಸಿದುಕೊಂಡು, ಬಸ್ಸಿನ ತುಂಬ ಜನರಿರುವಾಗಲೇ ಕೇಳಿದ.

"ರಸ್ತೆ ಗುಂಡಿ ವಿಷಯನಾ ಮಾರಾಯ್ರೆ? ಭಂಡಿಗಡಿ ಹತ್ರದ್ದೂ ಒಂದು ಸೇರ್ಸಿದೀರಾ? ಹೋದ್ಸಲ ಬಿಟ್ಟಿದ್ರಿ."

ಮಾವ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಬಂದು, ಭಂಡಿಗಡಿಯ ಗುಂಡಿಯ ಬಗ್ಗೆ ಬರೆಸಿದರು.

ಇದೆಲ್ಲ ನಗುವಿನ ಮಾತಾಯಿತು. ಆದರೆ ಆ ವರ್ಷಗಳು ನಗುವಂಥವಾಗಿರಲಿಲ್ಲ. ಕಾಡಿನಲ್ಲಿ ನಕ್ಸಲರು ಇದ್ದಾರೆಂಬ ಸುದ್ದಿ, ಅವರನ್ನು ಹುಡುಕುವ ಪೊಲೀಸ್ ಜೀಪುಗಳು. ಜೀಪು ನಿಧಾನವಾದರೆ ಚಹಾದಂಗಡಿಯ ಮಾತು ನಿಲ್ಲುತ್ತಿತ್ತು. ಯಾರು ಯಾರಿಗೆ ಅನ್ನ ಹಾಕಿದರು, ಯಾರು ಏನು ಬರೆದರು ಎಂದು ವಿಚಾರಿಸುತ್ತಾರಂತೆ ಎಂಬ ಪಿಸುಮಾತು. ನನಗೆ ನಿಜಕ್ಕೂ ಭಯವಾಗುತ್ತಿತ್ತು. ಅಭಿಪ್ರಾಯ ಮಾವನದು, ಸಿಕ್ಕಿಬೀಳುವುದು ನನ್ನ ಕೈ! ಎರಡು ವರ್ಷದಿಂದ ನನ್ನ ಅಕ್ಷರದ ಹಿಂದೆ ಅಡಗಿ ಕುಳಿತ ಇವರು ಎಂಥ ನಾಗರಿಕರು ಎಂದು ಒಳಗೊಳಗೇ ಸಿಟ್ಟೂ ಬರುತ್ತಿತ್ತು.

ಅಂಥದ್ದರಲ್ಲಿ ಒಂದು ದಿನ ಮಾವ ಶೃಂಗೇರಿಯಿಂದ ಬಂದವರೇ ಅಂಗಡಿಯ ಸ್ಟೂಲಿನ ಮೇಲೆ ಕುಳಿತರು. ಬಗಲಲ್ಲಿ ಎಂದಿನಂತೆ ರೆಕ್ಸಿನ್ ಚೀಲ. ಆ ಚೀಲವನ್ನು ಅವರು ಎಲ್ಲಿಗೂ ಬಿಟ್ಟು ಹೋಗುತ್ತಿರಲಿಲ್ಲ. ಅದರಲ್ಲೇನಿದೆ ಎಂದು ಕೇಳಿದರೆ 'ಬೇಕಾದ್ದು' ಎನ್ನುತ್ತಿದ್ದರು.

"ಬರ್ಕ ಮಾರಾಯ್ತಿ. ತಪಾಸಣೆ ಅಂತ ಪೊಲೀಸ್ನೋರು ಬಸ್ ನಿಲ್ಸಿ ಹಿರೇಕೊಡಿಗೆಯ ಅಜ್ಜಿದೊಂದು ಚೀಲ ರಸ್ತೆಗೆ ಸುರಿದ್ರು. ಮಾತ್ರೆ ಎಲ್ಲ ಮಣ್ಣಿಗೆ ಬಿತ್ತು. ಅಜ್ಜಿ ಒಂದೊಂದೇ ಹೆಕ್ಕಿದ್ರು. ಬಸ್ಸಲ್ಲಿ ಒಬ್ರೂ ಬಾಯಿ ಬಿಡ್ಲಿಲ್ಲ. ನಾನೂ ಬಿಡ್ಲಿಲ್ಲ."

"ಇದು ಬೇಡ ಮಾವ."

"ಬಸ್ಸಲ್ಲಂತೂ ಸುಮ್ನಿದ್ದೆ. ಇಲ್ಲೂ ಸುಮ್ನಿರ್ಲಾ?"

ಬರೆದೆ. ಅದು ಅಚ್ಚೂ ಆಯಿತು.

ಅದಾದ ವಾರಕ್ಕೆ, ಹನ್ನೊಂದು ಗಂಟೆ ಹೊತ್ತಿಗೆ, ನನ್ನ ಅಂಗಡಿಯ ಎದುರಿಗೇ ಜೀಪು ನಿಂತಿತು. ಸಬ್ ಇನ್ಸ್‌ಪೆಕ್ಟರು ಇಳಿದು ನನ್ನ ಬೋರ್ಡನ್ನು ನೋಡಿದರು. ಅದರಲ್ಲಿರುವುದು ನಾಲ್ಕೇ ಮಾತು, ಅವರು ಐದು ನಿಮಿಷ ಓದಿದಂತೆ ನನಗೆ ಕಂಡಿತು. ಅವರು ಕೈಯಲ್ಲಿದ್ದ ಫೈಲು ಬಿಚ್ಚಬೇಕು, ಅಷ್ಟರಲ್ಲಿ ಎದುರಿನ ಕ್ಷೌರದಂಗಡಿಯಿಂದ ಮಾವ ರಸ್ತೆ ದಾಟಿ ಬಂದರು. ಅರ್ಧ ಮುಖಕ್ಕೆ ಸೋಪಿನ ನೊರೆ ಹಾಗೇ ಇತ್ತು. ಕಾಲು ನಡುಗುತ್ತಿದ್ದುದು ಪಂಚೆಯಲ್ಲಿ ಕಾಣುತ್ತಿತ್ತು. ಬಂದು ನನಗೂ ಅವರಿಗೂ ನಡುವೆ ನಿಂತರು.

"ಅಕ್ಷರ ಮಾತ್ರ ಇವಳದ್ದು ಸಾರ್. ಮಾತೆಲ್ಲ ನಂದು. ಕರ್ಕೊಂಡ್ ಹೋಗೋದಾದ್ರೆ ನನ್ನ ಕರ್ಕೊಂಡ್ ಹೋಗಿ. ನಾನು ರೆಡಿ ಇದೀನಿ."

ಇನ್ಸ್‌ಪೆಕ್ಟರು ಅವರನ್ನೂ ನೊರೆಯನ್ನೂ ನೋಡಿದರು.

"ನಂಗೆ ಇದು ಎರಡು ಕಾಪಿ ಬೇಕಿತ್ತು. ಸ್ಟೇಷನ್ ಮಶೀನು ಕೆಟ್ಟಿದೆ," ಎಂದು ಫೈಲನ್ನು ನನ್ನ ಕಡೆ ಚಾಚಿದರು. ಕಾಪಿ ತೆಗೆಸಿಕೊಂಡು ಜೀಪು ಹತ್ತುವ ಮೊದಲು ತಿರುಗಿ, "ನಿಮ್ ಪತ್ರ ಎಲ್ಲ ಓದ್ತೀವಿ ಸ್ವಾಮಿ. ಆ ಅಜ್ಜಿದೂ ಓದಿದೀವಿ," ಎಂದರು. ಧ್ವನಿಯಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮಾವ ಸ್ಟೂಲಿನ ಮೇಲೆ ಕುಸಿದರು. "ಮಾತ್ರೆ ಕೊಡು, ಚೀಲದಲ್ಲಿದೆ," ಎಂದರು. ಮೊದಲ ಸಲ ಆ ಚೀಲ ಬಿಚ್ಚಿದೆ. ರಕ್ತದೊತ್ತಡದ ಮಾತ್ರೆ, ಹಲ್ಲುಜ್ಜುವ ಬ್ರಶ್ಶು, ಒಂದು ಬನಿಯನ್ನು, ಮಫ್ಲರು. ಯಾವತ್ತು ಹಿಡಿದುಕೊಂಡು ಹೋದರೂ ಇರಲಿ ಎಂದು ಕಟ್ಟಿಟ್ಟ ಗಂಟು ಅದು! ನನಗೆ ನಗು ಬಂತು. ಮಫ್ಲರಿನ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಒಂದು ಹಾಳೆ ಇತ್ತು. ದನದ ಚೀಟಿಯ ಅದೇ ಕೋಳಿಕಾಲಿನ ಬರವಣಿಗೆ.

'ಪತ್ರಿಕೆಗೆ ಹೋಗುವ ಪತ್ರಗಳನ್ನು ಹೇಳಿ ಬರೆಸುವವನು ನಾನು. ಬರೆದುಕೊಡುವ ನನ್ನ ತಂಗಿಯ ಮಗಳಿಗೆ ಇದರಲ್ಲಿ ಯಾವ ಪಾಲೂ ಇಲ್ಲ. ಅವಳನ್ನು ಏನೂ ಕೇಳಬಾರದಾಗಿ ಬೇಡಿಕೊಳ್ಳುತ್ತೇನೆ.' ಕೆಳಗೆ ಪೂರ್ತಿ ಹೆಸರು, ತಂದೆಯ ಹೆಸರು, ಮನೆ ವಿಳಾಸ, ಸಹಿ. ಮೇಲೆ ಹಾಕಿದ್ದ ತಾರೀಖು ಮೊನ್ನೆಯದಲ್ಲ. ಎರಡು ವರ್ಷದ ಹಿಂದಿನದು, ನಾನು ಅವರ ಮೊತ್ತಮೊದಲ ಪತ್ರ ಬರೆದುಕೊಟ್ಟ ದಿನದ್ದು.

"ಅದನ್ನ ಅಲ್ಲೇ ಇಡು. ಮುಂದಕ್ಕೂ ಬೇಕಾಗ್ತದೆ," ಎಂದರು ಮಾವ. ಮಾತ್ರೆಗೆ ಕೈ ಚಾಚಿದರು. ನಾನು ಆ ಕೈಯನ್ನು ಹಿಡಿದುಕೊಂಡು, ನೊರೆ ಒಣಗುವ ತನಕ ಅಲ್ಲೇ ನಿಂತಿದ್ದೆ.