ಬಸ್ ತುಂಬೋತನಕ, ಸೈಕಲ್ ಮುರಿಯೋತನಕ

ಬಸ್ಸಿನಲ್ಲಿ ಹೋದರೆ ಒಂದು ಅನಾಹುತ, ಸೈಕಲ್ ತುಳಿದರೆ ಇನ್ನೊಂದು. ಗೋವಾದ ಯುನಿವರ್ಸಿಟಿ ಗುಡ್ಡ ಹತ್ತಿದ ಆ ಎರಡು ವರ್ಷ ನನಗೆ ಸುಮ್ಮನೆ ಕ್ಲಾಸಿಗೆ ಹೋಗಿ ಸುಮ್ಮನೆ ಮನೆಗೆ ಬಂದ ದಿನ ನೆನಪಿಲ್ಲ. ಆಗ ಅತ್ತದ್ದೇ ಹೆಚ್ಚು. ಈಗ ಹೇಳಲು ಕೂತರೆ ಕೇಳುವವರು ನಗುತ್ತಾರೆ, ಹಾಗಾಗಿ ನಾನೂ ನಗುತ್ತೇನೆ.

ಬೀಳಲು ಜಾಗವಿಲ್ಲ

ನಾವಿದ್ದದ್ದು ಪಣಜಿಯ ಹೊರಗೆ, ವಿಜಾಪುರ ಕಡೆಯ ಕೂಲಿಯವರೇ ತುಂಬಿದ್ದ, ಒಂದೊಂದೇ ಕೋಣೆಯ ಖೋಲಿಗಳ ಒಂದು ಸಾಲಿನಲ್ಲಿ. ಅಲ್ಲಿಂದ ಹೊರಡುವ ಬಸ್ಸಿನ ಕಂಡಕ್ಟರ್ ಬಾಗಲಕೋಟೆ ಕಡೆಯ ಸಾಬರು. ಎಲ್ಲರಿಗೂ ಮಾಮಾ. ಬಸ್ಸು ಪೂರಾ ತುಂಬದೆ ಹೊರಡುತ್ತಿರಲಿಲ್ಲ, ಪೂರಾ ತುಂಬಿತು ಅಂತ ಮಾಮಾ ಎಂದೂ ಒಪ್ಪುತ್ತಿರಲಿಲ್ಲ. "ಫುಡೆಂ ವಚ್, ಫುಡೆಂ ವಚ್," ಎಂದು ಕೊಂಕಣಿಯಲ್ಲಿ ಕೂಗುತ್ತ ಜನರನ್ನು ಮುಂದಕ್ಕೆ ದಬ್ಬುತ್ತಲೇ ಇರುತ್ತಿದ್ದರು.

ಒಂದು ದಿನ ನನಗೆ ಪರೀಕ್ಷೆ. ಪಕ್ಕದಲ್ಲಿ ನಿಂತಿದ್ದ ಕೂಲಿಯವನೊಬ್ಬ ನನ್ನ ಹೆಗಲಿಗೆ ತಲೆ ಆನಿಸಿ ಮಲಗಿದ್ದ. ದಣಿದಿದ್ದಾನೆ, ಮಲಗಲಿ ಎಂದು ನಾನೂ ಅಲ್ಲಾಡಲಿಲ್ಲ. ನಾಲ್ಕನೇ ಸ್ಟಾಪಿನಲ್ಲಿ ಅರ್ಧ ಜನ ಇಳಿದರು. ಅವನು ಕಡಿದ ಮರದಂತೆ ನೆಲಕ್ಕೆ ಬಿದ್ದ. ನಿದ್ದೆಯಲ್ಲ, ಎಚ್ಚರ ತಪ್ಪಿತ್ತು. ಯಾವಾಗ ತಪ್ಪಿತ್ತೋ ಯಾರಿಗೂ ಗೊತ್ತಿಲ್ಲ.

ಕೆಳಗಿಳಿಸಿ ನೀರು ಚಿಮುಕಿಸಿದೆವು. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲವಂತೆ. ನನ್ನ ಡಬ್ಬಿಯ ರೊಟ್ಟಿ ಕೊಟ್ಟು, ಅವನು ತಿಂದು ಮುಗಿಸುವ ತನಕ ಕೂತೆ. ಪರೀಕ್ಷೆಯ ಬಾಗಿಲು ಮುಚ್ಚಿತು.

ಸಂಜೆ ಮಾಮಾನ ಮೇಲೆ ರೇಗಿದೆ. "ಅಷ್ಟು ಮಂದಿನ ತುಂಬ್ತೀರಲ್ರಿ, ಅಂವಾ ಸತ್ತಿದ್ರ?"

"ತಮ್ಮಾ," ಅಂದರು ಮಾಮಾ, "ಮಂದಿ ಗದ್ದಲ ಇರೋತನಕ ಬೀಳಾಕ ಬಿಟ್ಟೇವೇನು? ಜಾಗಾ ಆದಮ್ಯಾಲ ಬಿದ್ದಾನ."

ಹಿಂದಿನ ಗೇಟು

ಮರುದಿನದಿಂದ ಅಪ್ಪನ ಸೈಕಲ್ ತೆಗೆದೆ. ಅಪ್ಪ ಗವಂಡಿ. ಕುಂಡಯಿಯಲ್ಲಿ ಫ್ಯಾಕ್ಟರಿ ಗೋಡೆ ಕಟ್ಟುವಾಗ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅಂದಿನಿಂದ ಅವನು ಹಾಸಿಗೆಗೆ, ಸೈಕಲ್ ಗೋಡೆಗೆ. ಅದರ ಮೈತುಂಬ ಸಿಮೆಂಟು ಗಟ್ಟಿಯಾಗಿತ್ತು. ಎಷ್ಟು ಕೆರೆದರೂ ಹೋಗಲಿಲ್ಲ.

ಗುಡ್ಡ ಹತ್ತುವಷ್ಟರಲ್ಲಿ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಗೇಟಿನ ವಾಚ್‌ಮನ್ ನನ್ನನ್ನು ನೋಡಿದ, ಸೈಕಲ್ ನೋಡಿದ, ಹಿಂದಿಯಲ್ಲಿ "ಲೇಬರ್ ಪೀಛೆ ಸೆ" ಅಂದ. ಐಡಿ ಕಾರ್ಡು ಇನ್ನೊಂದು ಪ್ಯಾಂಟಿನ ಕಿಸೆಯಲ್ಲಿ ಉಳಿದಿತ್ತು. ವಾದ ಮಾಡದೆ ಹಿಂದಿನ ಗೇಟಿಗೆ ಹೋದೆ.

ಅಲ್ಲಿ ಹೊಸ ಕಟ್ಟಡದ ಕೆಲಸ ನಡೆದಿತ್ತು. ಮೇಸ್ತ್ರಿ ನಮ್ಮ ಕಡೆಯವನೇ. ಒಳಗೆ ಕಾಲಿಟ್ಟ ಕೂಡಲೇ ಬೈದ. "ತಡಾ ಮಾಡಿ ಬಂದು ಮಾರಿ ಏನು ನೋಡ್ತಿ? ಬುಟ್ಟಿ ಹಿಡಿ!"

"ನಾ ಕೆಲಸದಾಂವ ಅಲ್ರಿ. ಇಲ್ಲೇ ಎಂ.ಎ. ಓದಾಕತ್ತೇನಿ, ಎಕನಾಮಿಕ್ಸ್."

ಮೇಸ್ತ್ರಿ ಕಂಬದ ಕಡೆಗೆ ಕೈ ತೋರಿಸಿದ. ನನ್ನ ವಯಸ್ಸಿನವನೊಬ್ಬ ತಲೆಯ ಮೇಲೆ ಕಾಂಕ್ರೀಟು ಹೊತ್ತು ನಡೆಯುತ್ತಿದ್ದ.

"ಅಂವಾ ಬಿ.ಎ. ಆಗ್ಯಾನ, ಒಂದು ಬುಟ್ಟಿ ಹೊರ್ತಾನ. ನೀ ಎಂ.ಎ. ಇದ್ರ ಎರಡು ಹೊರು."

ದೊಡ್ಡಾಸ್ಪತ್ರೆ

ನಾಲ್ಕು ತಿಂಗಳು ಸೈಕಲ್ ಚೆನ್ನಾಗಿ ನಡೆಯಿತು. ಕಾಲು ಗಟ್ಟಿಯಾದವು. ಒಂದು ಬೆಳಿಗ್ಗೆ ಹೈವೇ ಮೇಲೆ ಕಾರೊಂದು ಹಿಂದಿನಿಂದ ತಾಗಿಸಿಕೊಂಡು ಹೋಯಿತು. ಸೈಕಲ್ ರಸ್ತೆಯಲ್ಲಿ ಉಳಿಯಿತು, ನಾನು ಗಟಾರಕ್ಕೆ ಬಿದ್ದೆ. ಎಡಗಾಲು ಇರಬಾರದ ಕಡೆಗೆ ತಿರುಗಿತ್ತು. ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಗಾಡಿಯವರು ನಿಧಾನ ಮಾಡಿ, ಮೊಬೈಲಿನಲ್ಲಿ ಫೋಟೊ ಹಿಡಿದು, ಮತ್ತೆ ಜೋರಾಗಿ ಹೋದರು.

ನಿಂತದ್ದು ಮಾಮಾನ ಬಸ್ಸು. ಅವರೇ ಗಟಾರಕ್ಕಿಳಿದು ಎತ್ತಿದರು. ಹಿಂದಿನ ಸೀಟು ಪೂರಾ ಖಾಲಿ ಮಾಡಿಸಿ ಮಲಗಿಸಿದರು. "ಸೀದಾ ದೊಡ್ಡಾಸ್ಪತ್ರಿಗೆ ಹೊಡಿ, ಎಲ್ಲೂ ನಿಲ್ಲಿಸಬ್ಯಾಡ!" ಎಂದು ಡ್ರೈವರಿಗೆ ಕೂಗಿದರು. ನನಗೆ ಅಳು ಬಂತು.

ಮುಂದಿನ ಸ್ಟಾಪು ಕಂಡದ್ದೇ ತಡ, ಮಾಮಾ ಬಾಗಿಲಲ್ಲಿ ಜೋತುಬಿದ್ದರು. "ದೊಡ್ಡಾಸ್ಪತ್ರಿ, ದೊಡ್ಡಾಸ್ಪತ್ರಿ, ದೊಡ್ಡಾಸ್ಪತ್ರಿ! ಜಾಗೊ ಆಸಾ, ಜಾಗೊ ಆಸಾ!" ಜಾಗ ಇದೆ ಬನ್ನಿ ಅಂತ.

"ಮಾಮಾ," ನಾನು ನರಳಿದೆ, "ನಾ ಸಾಯಾಕತ್ತೇನ್ರಿ."

"ಸ್ವಲ್ಪ ತಡಿ ತಮ್ಮಾ, ಇನ್ನ ಎರಡ ಸ್ಟಾಪು."

ಬಂದದ್ದ ಬಂದೇವಿ

ಕಾಲಿಗೆ ಪ್ಲಾಸ್ಟರು, ತಲೆಗೆ ಏಳು ಹೊಲಿಗೆ ಬಿದ್ದವು. ಅತ್ತ ನಮ್ಮ ಸಾಲಿನವನೊಬ್ಬ ಹೈವೇಯಲ್ಲಿ ಸೈಕಲ್ ನೋಡಿ ಗುರುತು ಹಿಡಿದಿದ್ದ. ಓಡಿಹೋಗಿ ಅವ್ವನಿಗೆ, "ಸೈಕಲ್ ಚೂರಾಗೇತಿ, ಹುಡುಗ ಇಲ್ಲ" ಅಂದ. ಹುಡುಗ ಅಲ್ಲಿ ಇರಲಿಲ್ಲ ಅನ್ನುವುದು ಅವನ ಮಾತಿನ ಅರ್ಥ. ಅವ್ವ ಮಾಡಿಕೊಂಡ ಅರ್ಥ ಬೇರೆ.

ಹೆಣವಿದ್ದರೆ ದೊಡ್ಡಾಸ್ಪತ್ರೆಯಲ್ಲೇ ಎಂದು ಹೊರಟ ಅವ್ವನ ಜೊತೆ ಸಾಲಿನ ನಾಲ್ಕು ಹೆಂಗಸರು, ಸೈಟಿನ ಕೆಲಸ ಬಿಟ್ಟು, ಕಾಲಿನ ಮಣ್ಣು ಸಹ ತೊಳೆಯದೆ, ಎದೆ ಬಡಿದುಕೊಳ್ಳುತ್ತ ವಾರ್ಡಿನೊಳಗೆ ಬಂದರು. ನಾನು ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದೆ.

ಎದೆ ಬಡಿಯುವ ಕೈಗಳು ಅರ್ಧಕ್ಕೇ ನಿಂತವು. ಅವ್ವ ಬಂದು ನನ್ನ ಮುಖ ಸವರಿದಳು. ಆಮೇಲೆ ಬೆನ್ನಿಗೆ ಒಂದು ಬಿಟ್ಟಳು. "ಬಿಸ್ಕೀಟ್ ತಿನ್ನಾಕತ್ತಿಯೇನೋ ಭಾಡ್ಯಾ! ಇವರಿಗೆಲ್ಲಾ ಏನು ಮಾರಿ ತೋರಿಸಲಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸಾವಿಗೆ ಬಂದವರು, ಸಾವಿಲ್ಲ. ಅವರಲ್ಲಿ ಬಾಜು ಖೋಲಿಯ ಕಾಕು ಒಬ್ಬಳು, ನಮಗೆಲ್ಲ ಚಿಕ್ಕಮ್ಮನಂಥವಳು. ಆಕೆಯ ಗಂಡ ಹಿಂದಿನ ವರ್ಷ ಸಾವರ್ಡೆಯಲ್ಲಿ ಲಾರಿಯಡಿ ಸಿಕ್ಕು ಸತ್ತಿದ್ದ. ಗುತ್ತಿಗೆದಾರ ಒಂದು ತಾಸಿನಲ್ಲೇ ಹೆಣವನ್ನು ಗಾಡಿಗೆ ಹಾಕಿ ಊರಿಗೆ ಅಟ್ಟಿದ್ದ. ಐದನೇ ದಿನ ಕಾಕು ಮತ್ತೆ ಸೈಟಿನಲ್ಲಿ ಇಟ್ಟಂಗಿ ಹೊರುತ್ತಿದ್ದಳು. ಆಕೆ ಅತ್ತದ್ದನ್ನು ಸಾಲಿನಲ್ಲಿ ಯಾರೂ ನೋಡಿರಲಿಲ್ಲ.

ಕಾಕು ನನ್ನ ಮಂಚದ ಕಾಲದೆಸೆಗೆ ಕೂತಳು. "ಇರಲಿ ಬಿಡ್ರೆವ್ವಾ. ಕೆಲಸ ಬಿಟ್ಟು ಬಂದದ್ದ ಬಂದೇವಿ. ಒಂದೀಟು ಅತ್ತು ಹೋಗೋಣು."

ಸೆರಗು ಬಾಯಿಗಿಟ್ಟು ಅಳಲು ಶುರುಮಾಡಿದಳು. ಹತ್ತು ನಿಮಿಷವಾದರೂ ನಿಲ್ಲಲಿಲ್ಲ. ಉಳಿದವರೂ ಸುತ್ತ ಕೂತು ಅತ್ತರು. ಅವ್ವನೂ ಅತ್ತಳು. ಬಿಸ್ಕೀಟು ಕೈಯಲ್ಲೇ ಹಿಡಿದು ನಾನೂ ಅತ್ತೆ.

ಗದ್ದಲ ಕೇಳಿ ನರ್ಸಬಾಯಿ ಓಡಿಬಂದಳು. ಗಾಬರಿಯಿಂದ ಕೊಂಕಣಿಯಲ್ಲಿ, "ಕೋಣ ಮೆಲೊ? ಕೋಣ ಮೆಲೊ?" ಅಂದಳು. ಯಾರು ಸತ್ತರು ಅಂತ.

ಕಾಕು ಮೂಗು ಒರೆಸಿಕೊಂಡು ನನ್ನ ಕಡೆ ಬೆರಳು ಮಾಡಿದಳು.

"ಇಂವಾ ಅಲ್ರಿ."