ಅಮಾಸಿಗೆ ಅಲಗದ ಚಿಕ್ಕಿ

ನಮ್ಮ ಕಾಕಾ ಧ್ರುವ ನಕ್ಷತ್ರವನ್ನೂ ನಂಬುವುದಿಲ್ಲ. ಮನುಷ್ಯರನ್ನು ನಂಬದವರು ಊರಿಗೆ ಹತ್ತು ಜನ ಸಿಕ್ಕಾರು. ಆದರೆ ಪುರಾಣಕಾಲದಿಂದ ಕೂತಲ್ಲೇ ಕೂತಿದೆ ಎಂದು ಹೆಸರು ಮಾಡಿದ ನಕ್ಷತ್ರದ ಮೇಲೂ ಸಂಶಯಪಡುವವರು ಇಡೀ ಜಮಖಂಡಿಯಲ್ಲಿ ಇವರೊಬ್ಬರೇ ಇರಬೇಕು! "ಅದೂ ಸರಕೋತ ಇರ್ತೈತಿ. ನಟ್ಟನಡುವ ಇಲ್ಲ, ಸ್ವಲ್ಪ ಬಾಜೂಕ ಐತಿ. ನಾ ಹಿಡದೇನಿ" ಎನ್ನುವಾಗ ಅವರ ಮುಖದ ಮೇಲೆ ಕಳ್ಳನನ್ನು ಹಿಡಿದ ಸಂತೋಷ. ಬೇಜಾರಿನ ಸಂಗತಿಯೆಂದರೆ, ವಿಚಾರಿಸಿ ನೋಡಿದೆ, ಅವರು ಹೇಳುವುದು ಖರೆ.

ಈ ಗುಣ ಅವರಿಗೆ ನೌಕರಿಯಿಂದ ಬಂದದ್ದು. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆಯೇ ಅವರು ನಿವೃತ್ತರಾದರು. ಟ್ರಾಲಿಯ ಹಿಂದೆ ಯಾರಾದರೂ ಕಾಲೂರಿ ನಿಂತಿದ್ದಾರೆಯೇ, ಕಬ್ಬಿನ ನಡುವೆ ಕಲ್ಲು ಕೂತಿದೆಯೇ ಎಂದು ನೋಡಿ ನೋಡಿ ಕೊನೆಗೆ ಜಗತ್ತೇ ಅವರಿಗೊಂದು ಕಾಟಾ ಆಗಿಹೋಯಿತು. ತೆಂಗಿನಕಾಯಿಯನ್ನು ನಾವೆಲ್ಲ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವೆ. ಕಾಕಾ ಮಾತ್ರ, ಅವಕಾಶ ಸಿಕ್ಕರೆ, ಅಂಗಡಿಯವನನ್ನೂ ಒಮ್ಮೆ ಅಲ್ಲಾಡಿಸಿಯೇ ಕಾಸು ಬಿಚ್ಚುವವರು.

ಇಂಥ ಮನುಷ್ಯ ನಿವೃತ್ತಿಯ ಬೆನ್ನಲ್ಲೇ ಎದೆನೋವು ಬಂದು, ಬೆಳಗಾವಿಯಲ್ಲಿ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರು ಮಾತು ಬಿಟ್ಟುಬಿಟ್ಟರು. ಸಂಶಯವನ್ನೂ ಬಿಟ್ಟರು. ಗೋಡೆ ನೋಡುತ್ತ ಕೂಡುವುದೊಂದೇ ಕೆಲಸ. ಅವರ ಹೆಂಡತಿ, ನಮ್ಮ ಕಾಕು ಹೆದರಿ, "ಹಾಲಿನಂವ ನೀರು ಬೆರಸಾಕತ್ತಾನ್ರಿ" ಎಂದು ಬೇಕಂತಲೇ ಚಾಡಿ ಹೇಳಿ ನೋಡಿದಳು. "ಬೆರಸಲಿ ಬಿಡು" ಎಂದರು! ಆವತ್ತು ಕಾಕು ಅಡುಗೆಮನೆಯಲ್ಲಿ ಅತ್ತಳಂತೆ. ಹೀಗಿರುವಾಗ ಯಾರ ಬಾಯಲ್ಲಿ ಏನು ಕೇಳಿದರೋ, ಎಲ್ಲಿಂದಲೋ ನಕ್ಷತ್ರ ನೋಡುವ ಒಂದು ದುರ್ಬೀನು ತರಿಸಿದರು. ಅದು ಬಂದ ವಾರದಲ್ಲೇ, ಪೆಟ್ಟಿಗೆಯನ್ನು ಯಾರೋ ದಾರಿಯಲ್ಲಿ ಬಿಚ್ಚಿ ನೋಡಿದ್ದಾರೆ ಎಂದು ಗಲಾಟೆ ಎಬ್ಬಿಸಿದರು. ಮನೆಯವರೆಲ್ಲ ನೆಮ್ಮದಿಯ ನಿಟ್ಟುಸಿರು ಬಿಟ್ಟೆವು.

ದುರ್ಬೀನಿಗೆ ಕ್ಯಾಮೆರಾ ಹಚ್ಚಿ ಆಕಾಶದ ಫೋಟೋ ತೆಗೆಯುವುದು ಸುಲಭವಲ್ಲ. ಭೂಮಿ ತಿರುಗುತ್ತದೆ, ನಾವು ಚಿಕ್ಕಿ ಎನ್ನುವ ನಕ್ಷತ್ರ ಜಾರುತ್ತದೆ. ದುರ್ಬೀನನ್ನು ಹೊತ್ತ ಮೋಟಾರಿನ ಸ್ಟ್ಯಾಂಡು ಅದರ ಹಿಂದೆಯೇ ತಿರುಗಬೇಕು. ಎಲ್ಲಿ ತಪ್ಪೀತೋ ಎಂದು ಇನ್ನೊಂದು ಸಣ್ಣ ಕ್ಯಾಮೆರಾ ಒಂದು ಚಿಕ್ಕಿಯ ಮೇಲೆ ಕಣ್ಣಿಟ್ಟಿರುತ್ತದೆ. ಚೂರು ಸರಿದರೂ ಕಂಪ್ಯೂಟರಿಗೆ ಚಾಡಿ, ಕಂಪ್ಯೂಟರಿನಿಂದ ಮೋಟಾರಿಗೆ ಗುದ್ದು. ಯಂತ್ರದೊಳಗೇ ಒಬ್ಬ ಕಾಟಾದ ಗುಮಾಸ್ತ ಕೂತಿದ್ದಾನೆ ಎಂದರೆ ಕಾಕಾಗೆ ಇನ್ನೇನು ಬೇಕು? ಆದರೆ ಈ ಕೆಲಸ ಶುರುವಾಗುವ ಮೊದಲು ಒಂದು ಪರೀಕ್ಷೆ ಇದೆ. ಕಂಪ್ಯೂಟರು ದುರ್ಬೀನನ್ನು ಪಶ್ಚಿಮಕ್ಕೆ, ಪೂರ್ವಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ತುಸುತುಸು ತಳ್ಳಿ, ಚಿಕ್ಕಿ ಎಷ್ಟು ಸರಿಯಿತು ಎಂದು ನೋಡಿಕೊಳ್ಳುತ್ತದೆ. ಹೊಸ ಎತ್ತನ್ನು ಹೂಡುವ ಮೊದಲು ನಾಲ್ಕು ಹೆಜ್ಜೆ ನಡೆಸಿ ನೋಡಿದ ಹಾಗೆ. ಇದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ನಮ್ಮ ಮನೆಯ ನೆಮ್ಮದಿ ಕೆಟ್ಟದ್ದು ಇಲ್ಲಿಯೇ.

ಮೊದಲ ದಿನ ಏನು ತಳ್ಳಿದರೂ ಚಿಕ್ಕಿ ಅಲಗಲಿಲ್ಲ. ಕಾಕಾ ವೈರು ಬದಲಿಸಿದರು, ಸ್ಕ್ರೂ ಬಿಗಿದರು. ಚಿಕ್ಕಿ ಜಪ್ಪಯ್ಯ ಎನ್ನಲಿಲ್ಲ. ಕಡೆಗೆ ಹಳೆಯ ಬುದ್ಧಿ ಜಾಗೃತವಾಗಿ, ಕ್ಯಾಮೆರಾದ ಬಾಯಿಗೆ ಮುಚ್ಚಳ ಹಾಕಿದರು. ಕಂಪ್ಯೂಟರಿನ ಪರದೆಯ ಮೇಲೆ ಚಿಕ್ಕಿ ಆಗಲೂ ಹೊಳೆಯುತ್ತಲೇ ಇತ್ತು! ಅದು ಚಿಕ್ಕಿಯೇ ಅಲ್ಲ, ಕ್ಯಾಮೆರಾದೊಳಗೇ ಕೆಟ್ಟು ಕೂತ ಒಂದು ಬಿಳಿ ಚುಕ್ಕೆ. "ಬಾಗಲಾ ಹಾಕಿದ್ರೂ ಒಳಗ ಕಾಣ್ತಾನ ಅಂದ್ರ ಈ ಕಳ್ಳ ಹೊರಗಿನಂವ ಅಲ್ಲ, ಮನಿಯಂವನ" ಎಂದು ಕಾಕಾ, ರಜೆಗೆ ಬಂದಿದ್ದ ನನ್ನ ಮುಖ ನೋಡಿದರು. ನನ್ನ ಮುಖ ಯಾಕೆ ನೋಡಬೇಕಿತ್ತು?

ಅದೊಂದು ಬಗೆಹರಿಯಿತು ಎನ್ನುವಾಗ ಇನ್ನೊಂದು ಶುರುವಾಯಿತು. ಬೆಳದಿಂಗಳಿದ್ದಾಗ ಪರೀಕ್ಷೆ ಸಲೀಸಾಗಿ ಪಾಸಾಗುತ್ತಿತ್ತು. ಆದರೆ ಬೆಳದಿಂಗಳಲ್ಲಿ ಮಸುಕು ಚಿಕ್ಕಿಗಳ ಫೋಟೋ ಎಲ್ಲಿ ಬರಬೇಕು? ಕತ್ತಲಿರುವ ಅಮಾಸಿಯಂದೇ ಕೆಲಸ. ಆವತ್ತೇ ಫೇಲು! ಉತ್ತರಕ್ಕೆ ಹೋದ ಚಿಕ್ಕಿ ದಕ್ಷಿಣಕ್ಕೆ ವಾಪಸು ಬರುತ್ತಿರಲಿಲ್ಲ. ಕಾಕಾ ಮೊದಲು ಹಲ್ಲಿನ ಚಕ್ರಗಳ ನಡುವಿನ ಸಡಿಲವನ್ನು ಹಿಡಿದರು. ಆಮೇಲೆ ಮಾಳಿಗೆ ನಡುಗಿಸುತ್ತವೆಂದು, ಹಾಡು ಹಚ್ಚಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರುಗಳನ್ನು, ಆಮೇಲೆ ಪಕ್ಕದ ಮನೆಯ ಗಿರಣಿಯನ್ನು. ಗಿರಣಿಯವನು, "ಅಮಾಸಿಗೆ ನನ್ನ ಗಿರಣಿ ಬಂದ್ ಇರ್ತೈತಲ್ರಿ" ಎಂದ. "ಅದಕ್ಕ ನಿನ್ನ ಮ್ಯಾಲ ಸಂಶೇ ಜಾಸ್ತಿ" ಎಂದರು ಕಾಕಾ.

ಮೂರು ಅಮಾಸಿ ಹೀಗೇ ಹೋದ ಮೇಲೆ ಒಂದು ಮುಂಜಾನೆ ಅವರ ದನಿ ಸಣ್ಣದಾಗಿತ್ತು. "ಈ ಅಮಾಸಿ ನೋಡ್ತೇನಿ. ಆಗಲಿಲ್ಲಂದ್ರ ಇದನ್ನ ಯಾರಿಗರೆ ಕೊಟ್ಟು ಬಿಡೂದು. ನನ್ನಿಂದ ಆಗಾಂಗಿಲ್ಲ." ಆಮೇಲೆ ಹೊತ್ತೇರುವವರೆಗೂ ಗೋಡೆ ನೋಡುತ್ತ ಕುಳಿತರು. ಕಾಕು ನನಗೆ ಫೋನು ಮಾಡಿ, "ತಮ್ಮಾ, ಮತ್ತ ಗ್ವಾಡಿ ನೋಡಾಕತ್ತಾರ. ಅಮಾಸಿಗೆ ಬಾರಪಾ" ಎಂದಳು. ಅಮಾಸಿಯ ದಿನ, ನಾನು ಮಾಸ್ತರನಾಗಿರುವ ಸಾಲಿ ಬಿಟ್ಟ ಕೂಡಲೇ ಮುಧೋಳದ ಬಸ್ ಸ್ಟ್ಯಾಂಡಿಗೆ ಓಡಿದೆ.

ಕತ್ತಲಾಗುತ್ತಲೇ ಮೂವರೂ ಮಾಳಿಗೆಯ ಮೇಲೆ. ನನ್ನ ತೂಕದಿಂದ ಮಾಳಿಗೆ ಬಾಗೀತೆಂದು ಕಾಕಾ ನನ್ನನ್ನು ಮೂಲೆಗೆ ಕೂರಿಸಿದರು. ಪಶ್ಚಿಮ ಆಯಿತು, ಪೂರ್ವ ಆಯಿತು. ಉತ್ತರಕ್ಕೂ ಹೋಯಿತು. ದಕ್ಷಿಣಕ್ಕೆ ಬಾ ಎಂದರೆ, ಇಲ್ಲ. ಕಾಕಾ ಬಯ್ಯಲಿಲ್ಲ, ಅದೇ ನನಗೆ ಹೆದರಿಕೆ. ಸುಮ್ಮನೆ ದುರ್ಬೀನನ್ನು ಬಿಚ್ಚತೊಡಗಿದರು. ಮೋಟಾರಿನ ಅಡಿಗೆ ಕೈ ಹಾಕಿದವರು ಅಲ್ಲೇ ನಿಂತರು.

"ಲೇ, ಬ್ಯಾಟರಿ ಹಿಡಿ."

ಹಿಡಿದೆ. ಕಣ್ಣಿಗೆ ಬೀಳದ ಸಂದಿಯಲ್ಲಿ ಒಂದು ನಿಂಬೆಹಣ್ಣು, ಕೆಳಗೆ ಮೆಣಸಿನಕಾಯಿ, ಮೇಲೆ ಕರಿದಾರ. ದಾರವನ್ನು ತಿರುಗುವ ಭಾಗಕ್ಕೂ ತಿರುಗದ ಭಾಗಕ್ಕೂ ಕೂಡಿಸಿ ಗಟ್ಟಿ ಗಂಟು ಹಾಕಿತ್ತು. ಉತ್ತರಕ್ಕೆ ಹೋಗುವಾಗ ದಾರ ಸಡಿಲ, ದಕ್ಷಿಣಕ್ಕೆ ಬರುವಾಗ ಬಿಗಿ! ಮೋಟಾರು ಇದ್ದದ್ದಕ್ಕೆಲ್ಲ ಅಮಾಸಿಗೆ ನಿಂಬೆಹಣ್ಣು ಕಟ್ಟುವುದು ನಮ್ಮ ಕಡೆಯ ರೂಢಿ. ಟ್ರ್ಯಾಕ್ಟರಿಗೆ ಕಟ್ಟುತ್ತಾರೆ, ಗಿರಣಿಗೆ ಕಟ್ಟುತ್ತಾರೆ. ಮರುದಿನ ಕಸ ಹೊಡೆಯುವಾಗ ತೆಗೆದು ಒಗೆದರೆ ಸಾಕ್ಷಿಯೂ ಇಲ್ಲ.

ಊರಿನವರ ಮೇಲೆಲ್ಲ ಸಂಶಯಪಟ್ಟವರು ಹೆಂಡತಿಯೊಬ್ಬಳನ್ನು ಬಿಟ್ಟಿದ್ದರು. ಕಾಕಾ ಕಾಕುವಿನ ಕಡೆ ತಿರುಗಿ ನೋಡಿದರು. "ಈ ಕಬ್ಬಿಣಕ್ಕ ಯಾರ ಕಣ್ಣ ಹತ್ತತೈತಿ ಅಂತ ಕಟ್ಟಿದಿ?"

"ಕಬ್ಬಿಣಕ್ಕ ಕಟ್ಟಿಲ್ರಿ" ಎಂದಳು ಕಾಕು. ಸೀರೆಯ ಸೆರಗು ಅವಳ ಕೈಯಲ್ಲಿ ಹಿಂಡಿಹೋಗಿತ್ತು. "ಇದು ಬಂದ ಮ್ಯಾಲ ನೀವು ಮಾತಾಡಾಕತ್ತೀರಿ. ಎಲ್ಲಾರನೂ ಬೈಯಾಕತ್ತೀರಿ. ಅದಕ್ಕ ಯಾರ ಕಣ್ಣೂ ಹತ್ತಬಾರದು ಅಂತ."

ಕಾಕಾ ದಾರವನ್ನು ಹರಿಯದೆ, ಗಂಟನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು. ನಿಂಬೆಹಣ್ಣನ್ನು ನನ್ನ ಕೈಗೆ ಕೊಟ್ಟು, ದಾರವನ್ನು ಕಾಕುವಿನ ಕೈಗಿಟ್ಟು, ತಮ್ಮ ಎಡಗೈ ಮುಂದೆ ಚಾಚಿದರು.

"ಹಂಗಾದ್ರ ಇಲ್ಲಿ ಕಟ್ಟಬೇಕಿಲ್ಲೇನು?"

ಕಾಕು ಕಟ್ಟಿದಳು. ಕಾಕಾ ಗಂಟನ್ನು ಎಳೆದು ನೋಡಲಿಲ್ಲ.